ಏಳನೇ ಕಾಲು

ಸ್ಟೋರಿನಲ್ಲಿ ಅದಕ್ಕೆ ನಾವು ಚಿಪ್ಪು ಅನ್ನುವುದಿಲ್ಲ, ಹುಳ ಅನ್ನುತ್ತೇವೆ.
ಎಂಟು ಕಾಲು, ಕಪ್ಪು ಬೆನ್ನು,
ಬೆನ್ನ ಮೇಲೆ ಸಾಸಿವೆಗಿಂತ ಸಣ್ಣ ಅಕ್ಷರ.
ಹಾಲಿನ ಡೈರಿಗೆ ನಾವು ಮಾಡುವ ಕಂಪ್ಯೂಟರು
ತೂಗುವುದು, ಫ್ಯಾಟು ನೋಡುವುದು, ಚೀಟಿ ಹರಿಯುವುದು
ಎಲ್ಲ ಅದರ ಮರ್ಜಿ.

ನಲವತ್ತು ರೂಪಾಯಿಯ ಹುಳ ಆಷಾಢಕ್ಕೆ ನಾನೂರಾಯಿತು.
ಕಾರ್ತಿಕಕ್ಕೆ, ಎಷ್ಟು ಕೊಟ್ಟರೂ ಇಲ್ಲ.
ಹಾಸನದ ಇಂಡಸ್ಟ್ರಿಯಲ್ ಎಸ್ಟೇಟಿನ ನಾಲ್ಕನೇ ಶೆಡ್ಡಿನಲ್ಲಿ
ಮುನ್ನೂರ ಹನ್ನೆರಡು ಪೆಟ್ಟಿಗೆ ಸಾಲಾಗಿ ಕೂತವು,
ಒಂದೊಂದರ ಎದೆಯಲ್ಲೂ ಒಂದು ಚೌಕ ಖಾಲಿ,
ಹಲ್ಲು ಬಿದ್ದ ಮಕ್ಕಳು ಫೋಟೋಗೆ ನಿಂತ ಹಾಗೆ.

ಹುಳದ ಕಂಪನಿ ಮೈಸೂರಿನದು. ಮಾರಾಟಕ್ಕಿದೆ.

ಶನಿವಾರ ಮೀಟಿಂಗು.
"ಕೊಂಡುಬಿಡೋಣ ಮಾವ," ಅಂದ ಜಿನದತ್ತ,
"ಇನ್ಯಾರೋ ಕೊಂಡರೆ ಅವರ ಬಾಗಿಲಲ್ಲಿ
ನಾವು ಚೊಂಬು ಹಿಡಿದು ನಿಲ್ಲಬೇಕು."
ಆಡಿಟರ್ ಲೋಬೋ ಕನ್ನಡಕ ಒರೆಸಿದರು:
"ಲೋಟ ಹಾಲಿಗೆ ಹಸು ತರ್ತೀರಿ. ಆಮೇಲೆ ಹುಲ್ಲು ಯಾರದು?
ಅವನು ಬರೀ ನಕ್ಷೆ ಬರೆಯೋನು. ಬೇಯಿಸೋ ಒಲೆ ಸಮುದ್ರದಾಚೆ.
ರೊಟ್ಟಿ ತಟ್ಟೋನ್ನ ಕೊಂಡರೆ ಒಲೆ ಬರುತ್ತಾ?
ಅವನ ಹತ್ತಿರ ಕೊಳ್ಳೋ ಇನ್ನು ಹನ್ನೊಂದು ಜನ
ನಮ್ಮ ಎದುರಾಳಿಗಳು ಸ್ವಾಮಿ. ನಾಳೆ ಬೋರ್ಡಿನ ಮೇಲೆ
ನಿಮ್ಮ ಹೆಸರು ಕಂಡರೆ ಅವರು ಈ ಕಡೆ ತಲೆ ಹಾಕ್ತಾರಾ?"

ಧರಣೇಂದ್ರಯ್ಯನವರು ಮಾತಾಡಲಿಲ್ಲ.
ಹೊತ್ತು ಮುಳುಗುವ ಮೊದಲು ಉಣ್ಣಬೇಕು ಅವರು.
ಐದೂ ನಲವತ್ತಕ್ಕೆ ಡಬ್ಬಿ ಬಿಚ್ಚಿದರು,
ಮೀಟಿಂಗು ಅವರ ಅನ್ನ ಮುಗಿಯುವುದನ್ನು ಕಾಯಿತು.

ಆಗ ಬಂದರು ಪ್ರಭಂಜನ ಆಚಾರ್ಯರು,
ಪ್ಯಾಸೆಂಜರ್ ರೈಲಿನ ಧೂಳು ಅಂಗಿಯ ಮೇಲೆ.
ಲ್ಯಾಪ್‌ಟಾಪಿಲ್ಲ, ಫೈಲಿಲ್ಲ. ಬಟ್ಟೆಚೀಲದಿಂದ ತೆಗೆದದ್ದು
ಕಿರಾಣಿ ಅಂಗಡಿಯ ಉದ್ದ ಪುಸ್ತಕ.
"ಇದು ತಪ್ಪುಗಳ ಲೆಕ್ಕ. ಹತ್ತೊಂಬತ್ತು ವರ್ಷದ್ದು.
ಕಂಪನಿ ಕೊಂಡರೆ ಇದನ್ನೂ ಕೊಳ್ಳಬೇಕು."

ಜಿನದತ್ತ ಓದಿದ:
ಚಳಿ ಹತ್ತಕ್ಕಿಳಿದರೆ ಮೂರನೇ ಕಾಲು ಸುಳ್ಳು ಹೇಳುತ್ತದೆ.
ಕರೆಂಟು ಹೋಗಿ ಬಂದರೆ ಮೊದಲ ತೂಕ ನಂಬಬೇಡಿ.
ಏಳನೇ ಕಾಲನ್ನು ನೆಲಕ್ಕೆ ಕಟ್ಟಬೇಡಿ.
ಯಾಕೆ, ಗೊತ್ತಿಲ್ಲ. ಕಟ್ಟಿದವರು ಅತ್ತಿದ್ದಾರೆ.

ನಾನು ಬಾಗಿಲ ಬಳಿ ಸ್ಟಾಕಿನ ಹಾಳೆ ಹಿಡಿದು ನಿಂತಿದ್ದೆ.
ಸ್ಟೋರಿಗೆ ಬರುವ ಮೊದಲು ಹನ್ನೊಂದು ವರ್ಷ
ಸೋಲ್ಡರ್ ಬೆಂಚಿನಲ್ಲಿದ್ದವಳು.
ಒಂದು ಜನವರಿ, ಹಗರೆಯ ಡೈರಿ, ನಸುಕು ಐದೂವರೆ.
ಎಲ್ಲರ ಹಾಲೂ ಮುನ್ನೂರು ಗ್ರಾಂ ಕಡಿಮೆ.
ಕ್ಯಾನು ಹಿಡಿದ ಹೆಂಗಸರು ನನ್ನನ್ನು ಸುತ್ತಿಕೊಂಡು,
"ನಿಮ್ ಮಿಷನ್ನೇ ಕುಡೀತೈತಾ?" ಅಂದರು.
ತಲೆಪಿನ್ನು ಸ್ಟೌವಿನಲ್ಲಿ ಕಾಯಿಸಿ
ಏಳನೇ ಕಾಲನ್ನು ಕೂದಲೆಳೆಯಷ್ಟು ಎತ್ತಿದ್ದೆ.
ತೂಕ ಸರಿಬಂತು. ಆಮೇಲೆ ಆ ಬೆಂಚಿನಲ್ಲಿ
ನಾನು ಕೂರಿಸಿದ ಪ್ರತಿ ಹುಳವೂ
ಒಂದು ಕಾಲು ಮೇಲೆತ್ತಿಯೇ ನಿಂತಿದೆ, ಕೊಕ್ಕರೆಯ ಹಾಗೆ.
ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

"ಎಷ್ಟಿದೆ ಜಬೀನಾ?"
"ಐವತ್ತಾರು ಸಾರ್."
ಮೊಸರನ್ನದ ಕೈ ಹಾಗೇ ನಿಲ್ಲಿಸಿ, ಅರ್ಧ ತಮಾಷೆಗೆ,
"ಕೊಳ್ಳೋಣ್ವೇನಮ್ಮ?" ಅಂದರು.
ಲೆಕ್ಕದ ಹೊರತು ಈ ಶೆಡ್ಡು ನನ್ನನ್ನು
ಬೇರೇನೂ ಕೇಳಿರಲಿಲ್ಲ ಅಲ್ಲಿಯವರೆಗೆ.

ಹೂಂ ಅನ್ನಲಿಲ್ಲ, ಬೇಡ ಅನ್ನಲಿಲ್ಲ.
"ಪುಸ್ತಕದಲ್ಲಿ ಒಂದು ಸಾಲು ಕಡಿಮೆ ಇದೆ," ಅಂದೆ.

ಆಚಾರ್ಯರು ಪೆನ್ನು ಕೊಟ್ಟರು.
ಏಳನೇ ಕಾಲಿನ ಕೆಳಗೆ ತಲೆಪಿನ್ನು, ಸ್ಟೌವು,
ಊರು, ತಾರೀಕು ಬರೆದೆ. ಅವರು ಓದಿ,
"ಆರು ಹುಡುಗರಿದ್ದರು ನನ್ನ ಹತ್ತಿರ. ಈಗ ಇಬ್ಬರು.
ಒಬ್ಬ ಮಾರ್ಚಿಗೆ ಹೋಗ್ತಾನೆ," ಅಂದರು,
ನನಗಾ, ಧಣಿಗಾ, ತಿಳಿಯಲಿಲ್ಲ.

ಆ ಸಾಲು ಈಗ ಯಾರದು?
ಮಾರುವವರದಾ, ಕೊಳ್ಳುವವರದಾ?
ಲೋಬೋ ಅವರ ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
ಎರಡು ಸಲ ಹಾಳೆ ತಿರುವಿ ನೋಡಿದರು, ಪಾಪ.

ಡಬ್ಬಿ ಮುಚ್ಚಿತು. ಸಾಲಗಾಮೆ ರಸ್ತೆಯ ಕಡೆ ಬೆಳಕು ಇಳಿಯಿತು.
"ಸೋಮವಾರ ನೋಡೋಣ" ಅಂದರು ಧಣಿ,
ಆದರೆ ಪುಸ್ತಕದ ಮೇಲಿಂದ ಕೈ ತೆಗೆಯಲಿಲ್ಲ.
ಆಚಾರ್ಯರೂ ತೆಗೆಯಲಿಲ್ಲ.

ಬೀಗ ಹಾಕುವ ಮುಂಚೆ ಇನ್ನೊಮ್ಮೆ ಎಣಿಸಿದೆ.
ಐವತ್ತಾರು.