ಕಳ್ಳಗಾಳಿ

ನಿಂತಲ್ಲೇ ಓಡ್ತಿತ್ತು ನನ್ನ ಗಾಡಿ.
ನ್ಯೂಟ್ರಲ್‌ನ್ಯಾಗ, ಸ್ಟ್ಯಾಂಡಿನ ಮ್ಯಾಲ,
ಹಿಂದಿನ ಪತ್ರಾದ ಪೆಟ್ಟಿಗಿ
ಪಾವು ಖಾರಿ ಟೋಸ್ಟು ಸಮೇತ ನಡುಗಸ್ತ,
ಯಾರೋ ಬೆನ್ನ ಹತ್ತಿದಾಂಗ.
ಎಕ್ಸಲೇಟರ್ ಬಿಟ್ಟು ಹತ್ತು ಎಣಿಸಿದರ
ಏಳಕ್ಕ ಒಂದಿಷ್ಟು ಇಳದು,
ಎಂಟಕ್ಕ ಮನಸು ಬದಲಿಸಿ
ಮತ್ತ ಏರಿ ಕೂತು ಚೀರೂದು.

ಎಂಟು ತಿಂಗಳು ಹಿಂಗ.
ಬಂದ್ ಮಾಡಿದರ ಮತ್ತ ಒಂಬತ್ತು ಕಿಕ್ಕು,
ಅದಕ್ಕ ಬಂದ್ ಮಾಡ್ತಿರಲಿಲ್ಲ.
ಹಾರ್ನಿನ ದರಕಾರ ಇರಲಿಲ್ಲ.
ನಾ ಮೈಂದರ್ಗಿ ನಾಕಾ ದಾಟೂದರಾಗ
ಓಣಿ ತುಂಬ ತಾಟು ಹೊರಗ ಬರ್ತಿದ್ದವು.
ಬೆರಳು ಅಂದ್ರ ಪಾವು, ಅಂಗೈ ಅಂದ್ರ ಖಾರಿ.
ಬಾಯಿ ಆಡೂದು ಕಾಣ್ತಿತ್ತು.
ನಾ ಗೋಣು ಹಾಕ್ತಿದ್ದೆ.

ದುಧನಿಯ ಲಾಡ್ಲೇಸಾಬ ಮೊದಲು ಪಾನಾ ಹಿಡೀಲಿಲ್ಲ.
ಕಿವಿ ಕೊಟ್ಟ.
ಹ್ಯಾಂಡಲ್ ಎಡಕ್ಕ ಪೂರ್ತಿ ತಿರುವಿದ, ಬಲಕ್ಕ ತಿರುವಿದ,
ದನಿ ಬದಲಾಗ್ಲಿಲ್ಲ.
‘ಕೇಬಲ್‌ದು ತಪ್ಪಿಲ್ಲ’ ಅಂದ,
ಸಾಕ್ಷಿ ಮುಗಿದವನ್ನ ಮನೀಗಿ ಕಳಿಸಿದಾಂಗ.
ಚೋಕ್ ನೋಡಿದ, ಸರಿ ಇತ್ತು.
ರೇಸಿನ ಸ್ಕ್ರೂ ಬಿಚ್ಚಿಕೋತ ಹೋದ,
ಅದು ಸ್ಪ್ರಿಂಗಿನ ಸಮೇತ ಕೈಯಾಗೇ ಬಂತು,
ಗಾಡಿ ಮಾತ್ರ ಕೇಳ್ಲಿಲ್ಲ.
ಆಗ ನಕ್ಕ ಅಂವ.
ನಾ ನಗಲಿಲ್ಲ. ಅದೇ ಸ್ಕ್ರೂ
ಅಂಗಳದಾಗ ಕೂತು ಎಷ್ಟು ಸಲ ತಿರುವೀನೋ;
ಅಕ್ಕಲಕೋಟದಾಗ ಒಬ್ಬ ಕಾರ್ಬುರೇಟರ್ ತೊಳದು
ನಾನೂರ ಐವತ್ತು ತೊಗೊಂಡಿದ್ದ.

‘ಪೆಟ್ರೋಲಿಂದಲ್ಲ ಭಾವು, ಗಾಳೀದು.
ಫಿಲ್ಟರಿನ ಬಾಗಲದಾಗ ಬರೂ ಗಾಳಿಗಿ ಲೆಕ್ಕ ಇರ್ತದ.
ಇದು ಹಿತ್ತಲಿಂದ ಹೊಕ್ಕದ. ಕಳ್ಳಗಾಳಿ.
ಇಂಜಿನ್ನಿಗಿ ನಿದ್ದಿ ಹತ್ತಿಸೂದಿಲ್ಲ.’

ದನಕ್ಕ ಸೂಜಿ ಮಾಡೂ ಸಿರಿಂಜು, ಸಾಬಾಣದ ನೀರು.
ಕಾರ್ಬುರೇಟರಿಗೂ ಹೆಡ್ಡಿಗೂ ನಡುವಿನ
ರಬ್ಬರಿನ ಕುತ್ತಿಗಿ ಮ್ಯಾಲ ಹನಿ ಹನಿ ಬಿಟ್ಟ.
ಮ್ಯಾಲ ಏನೂ ಇಲ್ಲ.
ಬಾಜೂಕ ಏನೂ ಇಲ್ಲ.
ಕೆಳಗ, ಬೆರಳು ಹೋಗದ ಕಡೆ, ಒಂದು ಹನಿ,
ದನಿ ತಟಕ್ಕನ ತಗ್ಗಿತು,
ಜಗಳದ ನಡುವ ಯಾರೋ ಹೆಸರು ಹಿಡದು ಕರದಾಂಗ.

ಬಿಚ್ಚಿ ನನ್ನ ಕೈಗಿ ಕೊಟ್ಟ. ನನಗೇನೂ ಕಾಣ್ಲಿಲ್ಲ.
ಬಗ್ಗಿಸಿ ತೋರಿಸಿದ: ಕೂದಲೆಳಿಯಷ್ಟು ಸೀಳು.
ನೆಟ್ಟಗ ಹಿಡದರ ಮತ್ತ ತುಟಿ ಮುಚ್ಚಿ
ಭಾಳ ಸಂಭಾವಿತ.
ಹೊಸ ರಬ್ಬರಿಗಿ ನೂರ ಅರವತ್ತು. ಮಜೂರಿ?
‘ಖಾರಿ ಇಟ್ಟು ಹೋಗು. ಚಾದ ಜೋಡಿ ಆಗ್ತದ.’

ಈಗ ಧಗ್… ಧಗ್… ಧಗ್…
ಎರಡು ಧಗ್ ನಡುವ ಒಂದು ಖಾಲಿ ಜಾಗ.
ಅದರಾಗ ಗಿರಣಿಯ ಪಟ್ಟಾ ಕೇಳಿಸಿತು,
ಯಾರದೋ ಬಾಂವ್ಯಾಗ ಕೊಡಾ ಬಡದದ್ದು ಕೇಳಿಸಿತು.
ಒಂದೇ ಗೋಡಿಯ ಎರಡು ಸಾಲಿ:
ಈ ಕಡೆ ಎರಡೊಂದ್ಲ ಎರಡು,
ಆ ಕಡೆ ಬೇ ಏಕೆ ಬೇ.
ಎಂಟು ತಿಂಗಳು ಮಗ್ಗಿ ನಿಂತಾದೇನೋ ಅಂದಿದ್ದೆ.

ಓಣ್ಯಾಗ ಮಾತ್ರ ಒಂದು ತಾಟೂ ಹೊರಗ ಬರ್ಲಿಲ್ಲ.
ಕೂಗಬೇಕಂತ ನೆಪ್ಪಾಗೂದಕ್ಕ ಹೊತ್ತು ಹಿಡೀತು.
ಮೊದಲ ‘ಪಾವ್’ ಬರೇ ಕೆಮ್ಮಾಗಿ ಬಂತು.

ಕಟ್ಟಿ ಮ್ಯಾಲ ಕೂತ ಭೌರಮ್ಮ ಎದ್ದು ಬಂದಳು,
ನಾಕು ಬೆರಳು ತೋರಿಸಿ
ದಿನಾದಾಂಗ ಬಾಯಿ ಆಡಿಸಿದಳು.
ನಾ ದಿನಾದಾಂಗ ಗೋಣು ಹಾಕಿದೆ.
ಹಾಕಿದ ಮ್ಯಾಲ ಕೇಳಿಸಿತು:

‘ನಿನ್ನೀದು ಕೊಡಬ್ಯಾಡೋ ನನ್ನಪ್ಪ,
ಹಲ್ಲಿಲ್ಲ ನನಗ.
ಎಷ್ಟ ದಿನಾ ಹೇಳ್ಲಿ?’

ಪೆಟ್ಟಿಗಿ ತೆರದೆ.
ಮ್ಯಾಲಿನ ಥರ ಸರಿಸಿ, ಕೆಳಗ ಕೈ ಹಾಕಿ,
ಇನ್ನೂ ಬೆಚ್ಚಗಿದ್ದದ್ದು ನಾಕು ಎಣಿಸಿದೆ.
ಬಾಜೂಕ ಗಾಡಿ
ಧಗ್… ಧಗ್… ಅನಕೋತ ನಿಂತಿತ್ತು,
ಇದ್ರಾಗ ತಂದೇನೂ ಇಲ್ಲ ಅನ್ನೂವಾಂಗ.