ಕಲಸಿದ ಮ್ಯಾಲ

ದುರ್ಗದಬೈಲಿನ ಹಿಂದ, ಬ್ಯಾಟರಿ ಅಂಗಡಿ ಮ್ಯಾಲ ನಮ್ಮ ಆಫೀಸು.
ನಾಲ್ಕು ಕುರ್ಚಿ, ಮೂರು ಕಂಪ್ಯೂಟರು,
ಕೆಳಗಿಂದ ಏರಿ ಬರೋ ಆ್ಯಸಿಡ್ಡಿನ ವಾಸನಿ.
ಇಲ್ಲೇ ನಾ ಎಲಿ ಕಲಸತೇನಿ, ಕೈ ಹಚ್ಚಲಾರದ.
ಒಂದು ಸಾಲು ಬರದ್ರ ಸಾಕು, ಮೂವತ್ತು ಎಲಿ
ಕಣ್ಣು ಪಿಳುಕಿಸೋದ್ರಾಗ ಅದಲ್ ಬದಲ್.
ರಾತ್ರಿ ಹಚ್ಚಿಟ್ಟು ಹೋದ್ರ ಮುಂಜಾನಿ ಹೊತ್ತಿಗೆ
ಹತ್ತು ಲಕ್ಷ ಆಟ ತಾವಽ ಆಡಿ ಮುಗಿಸಿರತಾವ:
ಮೊದಲು ಎಲಿ ಒಗದಾವ ನೂರಕ್ಕ ಐವತ್ಮೂರು ಗೆದ್ದಾನ.
ಆ ಮೂರು, ಹಲ್ಲಾಗ ಸಿಕ್ಕ ಜ್ವಾಳದ ಸಿಪ್ಪಿ.
ಎರಡನೇದಾವಗ ಒಂದೆಲಿ ಹೆಚ್ಚಿಗಿ ಕೊಟ್ಟೆ,
ಐವತ್ತೊಂದಕ್ಕ ಇಳೀತು.
ಇನ್ನೊಂದು ಇರಲಿ ಬಿಡು ಅಂದೆ.
ಅಂದೆ ಖರೆ, ನಿದ್ದಿ ಬರಲಿಲ್ಲ.

ಆಡಿ ನೋಡಾಕ ಬರಾವ್ರು ಮಕ್ತುಂಸಾಬ ನದಾಫ ಕಾಕಾ,
ಮೂವತ್ನಾಲ್ಕು ವರ್ಷ ಲಕ್ಷ್ಮೇಶ್ವರದ ಬಸ್ಸಿಗೆ ಕಂಡಕ್ಟರು.
ಗುಡುಗಿನ ಎಲಿ ಮೂರು ಆಟದಾಗ ಒಮ್ಮೆಯೂ ಬರಲಿಲ್ಲ ಅವರಿಗೆ.
ಚಸ್ಮಾ ತಗದು ಮೇಜಿನ ಮ್ಯಾಲಿಟ್ರು:
“ತಂಗೀ, ನಿಮ್ಮ ಮಷೀನು ಕಳ್ಳ ಐತಿ.”

ಗ್ರಾಫು ತೋರಿಸಿದೆ.
ಹರಕ ನೋಟು ನೋಡಿದಂಗ ನೋಡಿದ್ರು ಅದನ್ನ.
ಕೆಳಗ ಗಿರ್ಮಿಟ್ ಬಂಡಿಗೆ ಕರಕೊಂಡು ಹೋದೆ.
“ಇದೂ ಕಲಸಿದ್ದಽ, ಕಾಕಾ.
ಎರಡು ಚಮಚದಾಗ ಒಂದೂ ಶೇಂಗಾ ಇಲ್ಲ,
ಮೂರನೇದ್ರಾಗ ನಾಲ್ಕು. ಬಂಡಿಯಾವ ಕಳ್ಳೇನು?
ಚಮಚಕ್ಕೊಂದೊಂದು ಬಂದ್ರ ಅಂಜರಿ,
ಯಾರೋ ಕುಂತು ಎಣಿಸಿ ಇಟ್ಟಾರಂತ.”
ಅವರು ಮೆಣಸಿನಕಾಯಿ ಕಡದ್ರು. ಕಣ್ಣೀರು ಒರಸಿಕೊಂಡ್ರು.
“ಬಂಡಿಯವನ ಕೈ ನನಗ ಕಾಣತೈತಿ” ಅಂದ್ರು.

ಮಾಲಕ ಜರತಾರಘರಗ ಬ್ಯಾರೆ ಔಷಧ ಗೊತ್ತು:
“ಮೂರು ಸರ್ತಿ ಸೋತವಗ ನಾಲ್ಕನೇದಕ್ಕ ಚಲೋ ಎಲಿ ದಾಟಸು.
ಯಾರಿಗೂ ಹೇಳಬ್ಯಾಡ. ಗೆದ್ದಾವ ನಾಳೆ ಮತ್ತ ಬರತಾನ.”
ಬರದೆ. ಹನ್ನೊಂದು ಸಾಲು. ಚಂದ ಓಡಿತು.
ಕಾಕಾ ಗೆದ್ರು, ಮರುದಿನಾನೂ ಗೆದ್ರು,
ಮೂರನೇ ದಿನ ಮೊಬೈಲು ಬೋರಲ ಇಟ್ರು.
“ಮೂರು ಸೋತ ಮ್ಯಾಲಽ ಗೆಲ್ಲತೇನಿ. ಎಣಿಸೇನಿ ನಾ.
ಬಸ್ಸಿನಾಗ ಅಳೋ ಹುಡುಗರಿಗೆ
ಬಿದ್ದ ಟಿಕೇಟು ಆರಿಸಿ ಕೊಡತಿದ್ದೆ,
ತಗೋ ಧಣೀ, ನಿಂದೂ ಒಂದು ಅಂತ.
ಈಗ ನನ್ನ ಕೈಯಾಗ ಯಾರು ಇಟ್ರು ಅದನ್ನ?”

ಆ ಹನ್ನೊಂದೂ ಸಾಲು ಅಳಿಸಿದೆ.
ಏನು ಬೇಕು ಹಂಗಾದ್ರ, ಅಂತ ಕೇಳಿದೆ ಸಿಟ್ಟಿಲೆ.
“ರಾತ್ರಿ ವಸ್ತಿ ಬಸ್ಸು. ಸೀಟಿನ ಮ್ಯಾಲ ಟವೆಲ್ ಹಾಸಿ ಆಡತಿದ್ವಿ.
ಕಲಸಿದಾವ ಹಂಗಽ ಹಂಚಾಂಗಿಲ್ಲ.
ಎದುರಿನವನ ಮುಂದ ಇಟ್ಟು ಕಟ್ ಮಾಡಪಾ ಅನಬೇಕು.
ಒಬ್ಬೊಬ್ಬರು ಸುಮ್ಮ ಬಟ್ಟಿಲೆ ಮುಟ್ಟಿ ಬಿಡತಿದ್ರು.
ಅಷ್ಟಽ.”

ಲೆಕ್ಕ ಹಾಕಿ ನೋಡಿದೆ. ಎಲ್ಲಿ ಕಟ್ ಮಾಡಿದ್ರೂ
ಐವತ್ತೊಂದು ಐವತ್ತೊಂದಽ.
ಜರತಾರಘರ ನಕ್ಕ: “ಹಂಗಾರ ಚಿತ್ರ ಅಷ್ಟ ಸರದಾಡಲಿ,
ಎಲಿ ಇದ್ದಲ್ಲೇ ಇರಲಿ. ಯಾರು ನೋಡತಾರ?”
ಇಲ್ರಿ. ಎಲಿ ಖರೇನ ಸರೀಬೇಕು.
ಅವರ ಬಟ್ಟಿನ ಸಲುವಾಗಿ ಒಂದು ಗುಡುಗು
ಅವರ ಪಾಲಿಂದ ನನ್ನ ಪಾಲಿಗೆ ಬಂದ್ರೂ ಬರಲಿ.

ನಿನ್ನಿ ಕಾಕಾ ಸಾಲಾಗಿ ಐದು ಆಟ ಸೋತ್ರು.
ಮಷೀನಿಗೆ ಬೈಲಿಲ್ಲ. ತಮ್ಮ ಬಟ್ಟು ನೋಡಿಕೊಂಡು
“ಇದಕ್ಕ ವಯಸ್ಸಾತು” ಅಂದ್ರು.
ಆರನೇದಕ್ಕ ಎಡಗೈ ಹಚ್ಚಿದ್ರು.

ನಾಳೆ ಆಟ ಮಂದಿಗೆ ಬಿಡೋದು. ರಾತ್ರಿ ಹನ್ನೊಂದು.
ಕೆಳಗ ಬಂಡಿಯಾವ ಬೋಗಾಣಿ ತೊಳಿಯೋ ಸಪ್ಪಳ.
ನಾ ಬರದ ಆಟ ನಾನೊಬ್ಬಾಕಿನಽ ಆಡಾಕ ಕುಂತೇನಿ.
ಮೂವತ್ತು ಎಲಿ ಬೋರಲ ಮಲಗ್ಯಾವ.
ಎಲ್ಲಿ ಮುಟ್ಟಿದ್ರೂ ಅಷ್ಟಽ, ನನಗಿಂತ ಯಾರಿಗೆ ಗೊತ್ತು.
ಹದಿನೇಳರ ಮ್ಯಾಲಿದ್ದ ಬಟ್ಟು ಹನ್ನೆರಡಕ್ಕ ಬಂತು,
ಮತ್ತ ಹದಿನೇಳಕ್ಕ ಹೋತು.