ಆರು ದಿನ

ಮಲ್ಪೆ ಬಂದರಿನ ಹಿಂದೆ, ಬಲೆ ಹೊಲಿಯುವ ಶೆಡ್ಡು ದಾಟಿ
ಯಶವಂತಿ ಮೆಂಡನ್‌ರ ಐಸ್ ಪ್ಲಾಂಟಿಗೆ ಹೋದೆ,
ಕಂಕುಳಲ್ಲಿ ಫೈಲು, ಕಿಸೆಯಲ್ಲಿ ಎರಡು ಪೆನ್ನು.
ಆಡಿಟರು ಇಂಥಲ್ಲಿಗೆಲ್ಲ ಬರುವುದಿಲ್ಲ.
ಅಮೋನಿಯ ವಾಸನೆಗೆ ಅವರ ತಲೆ ಸುತ್ತುತ್ತದೆ,
ಗುಮಾಸ್ತನ ತಲೆ ಸುತ್ತುವುದಿಲ್ಲವೆಂದು ನಂಬಿದ್ದಾರೆ.

ಒಳಗೆ ಉಪ್ಪುನೀರಿನ ತೊಟ್ಟಿ. ಸಾಲಾಗಿ ಮುಳುಗಿದ ಡಬ್ಬಿಗಳಲ್ಲಿ
ಸಿಹಿನೀರು ನಿಧಾನಕ್ಕೆ ಕಲ್ಲಾಗುತ್ತಿದೆ.
ಉಪ್ಪುನೀರು ತಾನು ಹೆಪ್ಪುಗಟ್ಟುವುದಿಲ್ಲ,
ಬೇರೆಯವರನ್ನು ಹೆಪ್ಪುಗಟ್ಟಿಸುತ್ತದೆ,
"ಬ್ಯಾಂಕಿನ ಹಾಗೆ" ಅಂದರು ಯಶವಂತಿಯಕ್ಕ, ನಗದೆ.

ತಗಡಿನ ಮಾಡಿನ ಮೇಲೆ ನೂರಿಪ್ಪತ್ತು ನೀಲಿ ಹಲಗೆ,
ಒಣಹಾಕಿದ ಮೀನಿನ ಹಾಗೆ ಒತ್ತೊತ್ತಾಗಿ.
ತಾಂಡೇಲ ವಾಮನಣ್ಣ ಮೊದಲ ದಿನ ನೋಡಿ ಅಂದರಂತೆ:
"ಬಿಸಿಲಿಗೆ ಐಸು ಕರಗುವುದು ನೋಡಿದ್ದೇನೆ,
ಆಗುವುದು ನೋಡಿಲ್ಲ."
ಅಕ್ಕನ ಲೆಕ್ಕ ಬೇರೆ. ಜೂನ್, ಜುಲೈ
ದೋಣಿಗೂ ರಜೆ, ಸೂರ್ಯನಿಗೂ ರಜೆ;
ಇಷ್ಟು ಹೊಂದಿಕೆ ಜಾತಕದಲ್ಲೂ ಸಿಗುವುದಿಲ್ಲ.

ಫೈಲು ಬಿಚ್ಚಿದೆ.
ಮನೆಯ ಮಾಡಿಗಾದರೆ ಸಬ್ಸಿಡಿ ಉಂಟು, ಪ್ಲಾಂಟಿನ ಮಾಡಿಗಿಲ್ಲ.
"ಸೀಸನ್ನಿನಲ್ಲಿ ನಾನು ಮಲಗುವುದು ಆ ಬೆಂಚಿನ ಮೇಲೆ.
ಇದು ಮನೆಯಲ್ಲವೋ?"
ನಿಮಗಿರುವುದು ಸವಕಳಿ, ಎಂದೆ.
ಪದವನ್ನು ಅವರು ನಾಲಗೆಯ ಮೇಲಿಟ್ಟು
ಉಪ್ಪು ನೋಡುವ ಹಾಗೆ ನೋಡಿದರು.

ಮೊದಲ ವರ್ಷವೇ ನೂರಕ್ಕೆ ನಲವತ್ತು ಸವೆಯಿತೆಂದು ಬರೆಯಬಹುದು.
ಅಷ್ಟನ್ನು ಲಾಭದಲ್ಲಿ ಕಳೆದು ಉಳಿದದ್ದಕ್ಕೆ ತೆರಿಗೆ.
"ಹೊಚ್ಚ ಹೊಸತನ್ನು ಸವೆದದ್ದು ಅಂತ ಬರೆದರೆ ಸುಳ್ಳಲ್ಲವೋ?"
ಕಾನೂನು, ಎಂದೆ.
"ಈ ಕಂಪ್ರೆಸರು ಇಪ್ಪತ್ತಾರು ವರ್ಷದ್ದು. ಇದರದ್ದೆಷ್ಟು?"
ಪುಸ್ತಕದಲ್ಲಿ ಅದು ಯಾವಾಗಲೋ ಮುಗಿದಿದೆ.
ಗೋಡೆಯ ಆಚೆ ಅದು ಗಡಗಡ ಅನ್ನುತ್ತಲೇ ಇತ್ತು.

ಆಮೇಲೆ ತಾರೀಕಿನ ಮಾತು.
ಹಲಗೆ ಕೂತದ್ದು ಆಗಸ್ಟಿನಲ್ಲಿ.
ಮೀಟರಿಗೆ ಕರೆಂಟಾಫೀಸಿನವರು ಬರಬೇಕಿತ್ತು.
ಒಂದು ಸಲ ಮಳೆ. ಒಂದು ಸಲ ಜೀಪಿಲ್ಲ.
ಒಂದು ಸಲ ಬಂದವರು ಸೀಲು ಮರೆತಿದ್ದರು, ಚಾ ಕುಡಿದು ಹೋದರು.
ಮೀಟರು ತಿರುಗಿದ್ದು ಅಕ್ಟೋಬರ್ ಒಂಬತ್ತಕ್ಕೆ.
ಅಲ್ಲಿಂದ ಮಾರ್ಚ್ ಕೊನೆಗೆ ನೂರ ಎಪ್ಪತ್ತನಾಲ್ಕು ದಿನ.
ಬೇಕಾದದ್ದು ನೂರ ಎಂಬತ್ತು.
ಆರು ದಿನ ಕಡಿಮೆ. ಹಾಗಾಗಿ ಈ ವರ್ಷ ಅರ್ಧ, ನಲವತ್ತಲ್ಲ, ಇಪ್ಪತ್ತು;
ಉಳಿದದ್ದು ಮುಂದಿನ ವರ್ಷಗಳಿಗೆ ಹೋಗುತ್ತದೆ.
"ಕಂತೂ ಮುಂದಿನ ವರ್ಷಕ್ಕೆ ಹೋಗುತ್ತದೋ?"

ನಾನು ತಾರೀಕನ್ನೇ ನೋಡುತ್ತಿದ್ದೆ.
ಅಕ್ಕನೂ ಅದನ್ನೇ ನೋಡುತ್ತಿದ್ದರು.
ಕನ್ನಡದ ಅಂಕಿಯಲ್ಲಿ ೯ಕ್ಕೂ ೩ಕ್ಕೂ
ಇರುವುದು ಒಂದು ಸುರುಳಿಯ ವ್ಯತ್ಯಾಸ.
"ಸೆಪ್ಟೆಂಬರಿನ ಬಿಸಿಲು ಬಿದ್ದದ್ದು ಸುಳ್ಳೋ?" ಅಂದರು.
"ಮಾಡು ಸುಟ್ಟಿದೆ. ಬೇಕಾದರೆ ಹತ್ತಿ, ಮುಟ್ಟಿ ನೋಡಿ."
ಹತ್ತಲಿಲ್ಲ. ನಂಬಿದೆ. ನಂಬಿದರೆ ಆಗುವುದಿಲ್ಲ.

ಅಷ್ಟರಲ್ಲಿ ದೋಣಿ ಬಂತೆಂದು ಯಾರೋ ಕೂಗಿದರು.
ಅವರೆದ್ದು ಸೀರೆ ಸೊಂಟಕ್ಕೆ ಸಿಕ್ಕಿಸಿ
ಐಸು ಪುಡಿಮಾಡುವ ಯಂತ್ರದ ಬಾಯಿಗೆ
ಇಡೀ ಒಂದು ಗಡ್ಡೆ ತಳ್ಳಿದರು.
ಆ ಸದ್ದಿನೊಳಗೆ ಏನೋ ಹೇಳಿದರು, ಕೇಳಿಸಲಿಲ್ಲ.
ಕೇಳಿಸಿದ್ದರೆ ಒಳ್ಳೆಯದಿತ್ತೋ, ಗೊತ್ತಿಲ್ಲ.

ಹೊರಡುವಾಗ ನಾಲ್ಕು ಬಂಗುಡೆ, ಮೇಲೆ ಒಂದು ಹಿಡಿ ಐಸು
ಪ್ಲಾಸ್ಟಿಕ್ಕಿಗೆ ಹಾಕಿ ಕೊಟ್ಟರು. ಬೇಡವೆಂದೆ. ಕೊಟ್ಟರು.
ಕಲ್ಮಾಡಿ ದಾಟುವಾಗ ತೊಡೆ ಒದ್ದೆ.
ಆದಿಉಡುಪಿಯಲ್ಲಿ ಕಂಡಕ್ಟರ್: "ನೀರು ಸೋರ್ತಾ ಉಂಟು ಮಾರಾಯ್ರೆ."
ಫೈಲನ್ನು ತಲೆಯ ಮೇಲೆತ್ತಿ ಹಿಡಿದೆ.
ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಬಿಚ್ಚಿದರೆ
ಐಸು ಅರ್ಧವೂ ಇರಲಿಲ್ಲ.
ಮೀನು ಮಾತ್ರ ತಣ್ಣಗೆ, ಕಣ್ಣು ತೆರೆದು.

ಕಚೇರಿಯಲ್ಲಿ ಒಂಬತ್ತೆಂದೇ ಬರೆದೆ.
ಅಂಕಿಯ ಪಕ್ಕದಲ್ಲಿ ಅಕ್ಷರದಲ್ಲೂ ಬರೆದೆ,
ಆ ಸುರುಳಿಯನ್ನು ಇನ್ನು ಯಾರೂ ಬಿಚ್ಚದ ಹಾಗೆ,
ರಾತ್ರಿ ಬಂಗುಡೆ ಉಂಡ ಮೇಲೆ
ನಾನೂ.